ರೇಸ್ ಕುದುರೆಗೆ ತೆರಿಗೆ ದುಡ್ಡು: ನಮ್ಮ ಟಿಡಿಯನ್ನು ಏನಂತ ಕೇಳಲಿ?

ಸಾಯಿಸನ ಮಗಳು, ನ್ಯೂಬ್ರಿಜ್

ಎಲ್ಲರಿಗೂ ನಮಸ್ಕಾರ. ನಾನು ಐರ್ಲೆಂಡಿಗೆ ಬಂದು ಒಂಬತ್ತು ವರ್ಷ ಆಯಿತು. ಕಿಲ್ಡೇರ್ ಕೌಂಟಿಯ ನ್ಯೂಬ್ರಿಜ್‌ನಲ್ಲಿ ಮನೆ, ನರ್ಸ್ ಕೆಲಸ. ಇಲ್ಲಿನ ಪೌರತ್ವ ಸಿಕ್ಕಿದ ಮೇಲೆ ಟಿಡಿಗೆ, ಅಂದರೆ ಇಲ್ಲಿನ ಸಂಸದರಿಗೆ, ವೋಟು ಹಾಕುವ ಹಕ್ಕೂ ಬಂತು. ಮುಂದಿನ ಶನಿವಾರ ನಮ್ಮ ಟಿಡಿಯ ಕ್ಲಿನಿಕ್ ಇದೆ. ಜನರನ್ನು ಕೂತು ಮಾತಾಡಿಸುವುದಕ್ಕೆ ಇಲ್ಲಿ ಹಾಗೇ ಹೇಳುತ್ತಾರೆ. ಮೊದಲ ಸಲ ಬೋರ್ಡ್ ನೋಡಿದಾಗ ಇವರು ಡಾಕ್ಟರೂ ಹೌದಾ ಅಂದುಕೊಂಡಿದ್ದೆ!

ಅಲ್ಲಿ ಒಂದೇ ಒಂದು ಪ್ರಶ್ನೆ ಕೇಳಬೇಕು. ಬಜೆಟ್ ಅಕ್ಟೋಬರ್‌ನಲ್ಲಿ, ಅದಕ್ಕೆ ಮೊದಲೇ. ಆದರೆ ಹೇಗೆ ಕೇಳಬೇಕು ಅಂತ ತಿಳಿಯುತ್ತಿಲ್ಲ.

ವಿಷಯ ಕುದುರೆ ರೇಸಿನದು. ನ್ಯೂಬ್ರಿಜ್ ದಾಟಿದರೆ ಕರಾ ಬಯಲು. ಬೇಲಿಯಿಲ್ಲದ ದೊಡ್ಡ ಹುಲ್ಲುಗಾವಲು. ಬೆನ್ನಿಗೆ ನೀಲಿ, ಕೆಂಪು ಬಣ್ಣ ಬಳಿದ ಕುರಿಗಳು ರಸ್ತೆ ಮಧ್ಯೆಯೇ ಮಲಗಿರುತ್ತವೆ. ನೈಟ್ ಡ್ಯೂಟಿ ಮುಗಿಸಿ ಆ ದಾರಿಯಲ್ಲಿ ಬಂದರೆ ಸಾಲುಸಾಲು ರೇಸ್ ಕುದುರೆಗಳು ರಸ್ತೆ ದಾಟುವುದು ಸಿಗುತ್ತದೆ. ಕಾರು ನಿಲ್ಲಿಸಿ ಕಾಯಬೇಕು. ಹಾರ್ನ್ ಹೊಡೆಯುವ ಹಾಗಿಲ್ಲ. ಚಳಿಗೆ ಅವುಗಳ ಮೈಯಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಏಳುತ್ತಿರುತ್ತದೆ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದ ಸುಸ್ತು ಅದನ್ನು ನೋಡಿದರೆ ಹೋಗುತ್ತದೆ. ಸುಳ್ಳು ಯಾಕೆ ಹೇಳಲಿ, ನನಗೆ ರೇಸ್ ಕುದುರೆ ಅಂದರೆ ಪ್ರಾಣ.

ಯಾಕೆಂದರೆ ನನ್ನಪ್ಪ ಕುಣಿಗಲ್ ಸ್ಟಡ್ ಫಾರ್ಮ್‌ನಲ್ಲಿ ಸಾಯಿಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಆಗಿದ್ದರು. ಟಿಪ್ಪುವಿನ ಕಾಲದಲ್ಲಿ ದಂಡಿಗೆ ಕುದುರೆ ಸಾಕುತ್ತಿದ್ದ ಜಾಗ ಅದು. ನಾನೂರು ಎಕರೆಗೂ ಜಾಸ್ತಿ. ಸಂಜೆ ಅಪ್ಪ ಬಂದರೆ ಅಂಗಿಗೆ ಬೇಯಿಸಿದ ಹುರುಳಿಯ ವಾಸನೆ. ರಜೆಯಲ್ಲಿ ಲಾಯದ ಹತ್ತಿರ ಕರೆದುಕೊಂಡು ಹೋದಾಗ ಒಂದು ವಿದ್ಯೆ ಕಲಿಸಿದ್ದರು. ಕುದುರೆಯ ಮುಂಗಾಲಿನ ಹಿಂದೆ, ಮಂಡಿಯ ಕೆಳಗೆ, ಟೆಂಡನ್ (ಮಾಂಸವನ್ನು ಮೂಳೆಗೆ ಕಟ್ಟುವ ಗಟ್ಟಿ ನರ) ಇಳಿಯುವ ಕಡೆ ಕೈಯ ಹಿಂಬದಿಯಿಂದ ಸವರಬೇಕು. ಅಂಗೈ ಒರಟಾಗಿರುತ್ತೆ ಮಗಾ, ಅದಕ್ಕೆ ಬಿಸಿ ಗೊತ್ತಾಗಲ್ಲ ಅನ್ನುತ್ತಿದ್ದರು. ಎರಡು ಕಾಲಿನಲ್ಲಿ ಒಂದು ಬಿಸಿ ಇದ್ದರೆ ಆವತ್ತು ಆ ಕುದುರೆಗೆ ಕೆಲಸ ಇಲ್ಲ. ಈಗಲೂ ರೋಗಿಗಳ ಊದಿದ ಕಾಲನ್ನು ನಾನು ಮೊದಲು ಹಾಗೇ ಮುಟ್ಟಿ ನೋಡುತ್ತೇನೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಜೀವನವೆಲ್ಲ ಲಾಯಗಳಲ್ಲಿ ಬೆಳಗಿನ ಸವಾರಿ ಮಾಡಿದವರು, ಸೊಂಟ ಹೋಗಿದೆ. ಅವರ ಹತ್ತಿರ ಹತ್ತೊಂಬತ್ತು ವರ್ಷದ ಒಂದು ಹೆಣ್ಣು ಕುದುರೆ ಇದೆ. ಹನ್ನೊಂದು ಸಲ ಓಡಿ ಒಂದೂ ಗೆಲ್ಲಲಿಲ್ಲವಂತೆ. ಎಡಗಾಲಿನ ಟೆಂಡನ್ ಹರಿದು ಬಾಳೆಹಣ್ಣಿನ ಹಾಗೆ ಉಬ್ಬಿ ನಿಂತಿದೆ. ಲಾರಿಗೆ ಹತ್ತಿಸುವ ಹಿಂದಿನ ದಿನ ಇವರು ನಾನೂರು ಯೂರೋ ಕೊಟ್ಟು ಬಿಡಿಸಿಕೊಂಡರು. ಲಾರಿ ಎಲ್ಲಿಗೆ ಹೋಗುತ್ತಿತ್ತು ಅಂತ ಕೇಳಿದೆ. ಉತ್ತರ ಹೇಳಲಿಲ್ಲ, ಕ್ಯಾರೆಟ್ ಕೈಗೆ ಕೊಟ್ಟರು.

ಒಂದು ದಿನ ಅವರೇ ಮಾತು ತೆಗೆದರು. "ಇವಳು ಓಡುತ್ತಿದ್ದಾಗ ಬಹುಮಾನಕ್ಕೆ ಸರ್ಕಾರ ದುಡ್ಡು ಹಾಕಿತು. ಈಗ ಇವಳ ಹುಲ್ಲಿಗೆ ನನ್ನ ಪೆನ್ಶನ್."

ಸುಮ್ನೆ ಹೇಳುತ್ತಾರೆ ಅಂದುಕೊಂಡು ಆಮೇಲೆ ಹುಡುಕಿ ನೋಡಿದೆ. ನಿಜ. 2001ರ ಕಾನೂನಿನ ಪ್ರಕಾರ ಇಲ್ಲಿ ಕುದುರೆ ಮತ್ತು ಗ್ರೇಹೌಂಡ್ ನಾಯಿ ರೇಸಿಗೆ ಅಂತಲೇ ಒಂದು ಸರ್ಕಾರಿ ನಿಧಿ ಇದೆ. 2025ರ ಬಜೆಟ್‌ನಲ್ಲಿ ಅದಕ್ಕೆ 9.91 ಕೋಟಿ ಯೂರೋ. ನಮ್ಮ ಲೆಕ್ಕದಲ್ಲಿ ಸಾವಿರ ಕೋಟಿ ರೂಪಾಯಿಯ ಆಸುಪಾಸು. ನೂರಕ್ಕೆ ಎಂಬತ್ತು ಪಾಲು ಕುದುರೆಗೆ, ಇಪ್ಪತ್ತು ನಾಯಿಗೆ. ನಮ್ಮ ವಾರ್ಡಿನಲ್ಲಿ ರಾತ್ರಿ ಒಬ್ಬಳೇ ಹದಿನಾಲ್ಕು ರೋಗಿಗಳನ್ನು ನೋಡಿಕೊಂಡು ಬಂದ ಬೆಳಿಗ್ಗೆ ಈ ಅಂಕಿ ಓದಿದರೆ ಹೇಗಾಗಬೇಡ ಹೇಳಿ.

ರೇಸ್ ನಿಲ್ಲಿಸಿ ಅಂತ ಕೇಳುವ ಮನಸ್ಸಿಲ್ಲ. ದುಡ್ಡು ಕೊಡಲೇಬೇಡಿ ಅನ್ನುವುದಕ್ಕೂ ಈ ಊರಲ್ಲಿ ಧೈರ್ಯ ಬರುವುದಿಲ್ಲ, ಬೀದಿಗೊಂದು ಮನೆ ಕುದುರೆಯಿಂದ ಉಣ್ಣುತ್ತದೆ. ಆದರೆ ಏನೋ ಒಂದು ಸರಿಯಿಲ್ಲ. ತಿಳಿದವರು ಹೇಳಿ, ಶನಿವಾರ ಏನು ಕೇಳಲಿ?

---

ಲೆಕ್ಕದ ಹುಡುಗ, ಡಬ್ಲಿನ್

ಅಕ್ಕಾ, ಮೊದಲು ಒಂದು ತಿದ್ದುಪಡಿ. ಇಲ್ಲದಿದ್ದರೆ ಟಿಡಿ ನಿಮ್ಮನ್ನು ಎರಡೇ ಮಾತಲ್ಲಿ ಕೂರಿಸಿಬಿಡುತ್ತಾರೆ. ಇದು ನಿಮ್ಮ ಸಂಬಳದ ತೆರಿಗೆ ಅಲ್ಲ, ಬೆಟ್ಟಿಂಗ್ ತೆರಿಗೆಯಿಂದ ಬರುವುದು ಅನ್ನುತ್ತಾರೆ. ಇಲ್ಲಿ ಬಾಜಿ ಕಟ್ಟಿದ ಮೊತ್ತದ ಮೇಲೆ ಶೇ. 2 ತೆರಿಗೆ. 2018ರವರೆಗೆ ಶೇ. 1 ಇತ್ತು, 2019ರಿಂದ ಎರಡಾಯಿತು. ವರ್ಷಕ್ಕೆ ಸುಮಾರು ಹತ್ತು ಕೋಟಿ ಯೂರೋ ಬರುತ್ತದೆ. ನಿಧಿಗೆ ಹೋಗುವುದೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ರೇಸಿನ ದುಡ್ಡು ರೇಸಿಗೇ ಹೋಯಿತು ಅನ್ನುವ ವಾದ ಕೇಳುವುದಕ್ಕೆ ಸರಿಯಾಗಿಯೇ ಇರುತ್ತದೆ.

ಆಗ ನೀವು ಹೀಗೆ ಕೇಳಿ: ಆ ಶೇ. 2 ಫುಟ್‌ಬಾಲ್ ಬಾಜಿಗೂ ಇದೆಯಲ್ಲ ಸ್ವಾಮಿ? ಶನಿವಾರ ಯಾವನೋ ಲಿವರ್‌ಪೂಲ್ ಮೇಲೆ ಐದು ಯೂರೋ ಕಟ್ಟಿದ ದುಡ್ಡಲ್ಲಿ ಕುದುರೆಗೆ ಯಾಕೆ ಪಾಲು? ತೆರಿಗೆ ಅಂತ ಒಮ್ಮೆ ವಸೂಲಾದರೆ ಅದು ಸರ್ಕಾರದ ದುಡ್ಡು. ಆಸ್ಪತ್ರೆಗೂ ಹಾಕಬಹುದಿತ್ತು.

ಬ್ರಿಟನ್‌ನಲ್ಲಿ ಬೇರೆ ದಾರಿ ಹಿಡಿದಿದ್ದಾರೆ. 1961ರಿಂದ ಅಲ್ಲಿ ಕುದುರೆ ರೇಸಿಗೆ ಹಣ ಒದಗಿಸುವ ಲೆವಿ ಬೋರ್ಡ್ ಇದೆ. ಬ್ರಿಟನ್‌ನ ಕುದುರೆ ರೇಸಿನ ಬಾಜಿಯಲ್ಲಿ ಬುಕ್ಕಿಗಳಿಗೆ ಉಳಿಯುವ ದುಡ್ಡಿನಲ್ಲಿ ಶೇ. 10 ನೇರವಾಗಿ ಅಲ್ಲಿಗೆ. ಖಜಾನೆಗೆ ಬಂದು ಹೋಗುವ ಸುತ್ತಾಟ ಇಲ್ಲ. 2017ರಿಂದ ಹೊರದೇಶದಲ್ಲಿ ಕೂತು ಆನ್‌ಲೈನ್ ಬಾಜಿ ನಡೆಸುವವರೂ ಕಟ್ಟಬೇಕು.

ಇನ್ನೊಂದು ಮಾತು. ರೇಸಿನವರು ಹೇಳುವ ಅಂಕಿಯನ್ನೂ ಬಾಯಿಪಾಠ ಮಾಡಿಕೊಂಡು ಹೋಗಿ: ಆರ್ಥಿಕತೆಗೆ 246 ಕೋಟಿ ಯೂರೋ, 30,350 ಉದ್ಯೋಗ. ರೇಸಿಂಗ್ ಸಂಸ್ಥೆಯೇ ಮಾಡಿಸಿದ ವರದಿಯ ಅಂಕಿ ಅದು. ಸುಳ್ಳು ಅನ್ನುತ್ತಿಲ್ಲ, ಆದರೆ ಅಳೆಸಿದವರು ಯಾರು ಅನ್ನುವುದು ನೆನಪಿರಲಿ. ನಾನು ಆಡಿಟ್ ಮಾಡುವವನು, ಈ ಗುಮಾನಿ ನನ್ನ ಹೊಟ್ಟೆಪಾಡು.

ನಿಧಿಯ ದೊಡ್ಡ ಪಾಲು ಹೋಗುವುದು ಬಹುಮಾನದ ಹಣಕ್ಕೆ. ಬಹುಮಾನ ಹೋಗುವುದು ಮಾಲೀಕರಿಗೆ. ಅವರಲ್ಲಿ ಹತ್ತು ಜನ ಸೇರಿ ಒಂದು ಕುದುರೆ ಸಾಕುವ ಹಳ್ಳಿಯವರೂ ಇದ್ದಾರೆ, ನಿಮ್ಮ ಕಿಲ್ಡೇರ್‌ನಲ್ಲೇ ಸ್ಟಡ್ ಇಟ್ಟುಕೊಂಡಿರುವ ದುಬೈ ದೊರೆಯೂ ಇದ್ದಾರೆ. ಇದೇ ದೇಶದಲ್ಲಿ 1969ರಿಂದ 2008ರವರೆಗೆ ಬೀಜದ ಕುದುರೆಯ ಸಂಪಾದನೆಗೆ ಆದಾಯ ತೆರಿಗೆಯೇ ಇರಲಿಲ್ಲ ಅಕ್ಕಾ. ಒಂದು ಕುದುರೆ ಒಂದು ಸಲ ಹತ್ತಿದರೆ ಲಕ್ಷ ಯೂರೋ, ತೆರಿಗೆ ಸೊನ್ನೆ. ನಮ್ಮ ಸಂಬಳದಲ್ಲಿ ಎಷ್ಟು ಹಿಡಿಯುತ್ತಾರೆ ಅಂತ ನೆನೆಸಿಕೊಂಡು ನಕ್ಕುಬಿಡಿ.

---

ಮಲ್ಲೇಶ್ವರದ ಮಾವ, ಬೆಂಗಳೂರು

ತಂಗಿ, ನಿಮ್ಮಲ್ಲಿ ಸರ್ಕಾರ ಕೊಟ್ಟು ಕೆಡಿಸುತ್ತಿದೆ, ನಮ್ಮಲ್ಲಿ ಕಿತ್ತುಕೊಂಡು ಕೆಡಿಸುತ್ತಿದೆ. 2023ರ ಅಕ್ಟೋಬರ್‌ನಿಂದ ಕಟ್ಟಿದ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ. 2025ರ ಸೆಪ್ಟೆಂಬರ್‌ನಿಂದ ಅದನ್ನು ಶೇ. 40 ಮಾಡಿದ್ದಾರೆ. ನೂರು ರೂಪಾಯಿ ಹಿಡಿದು ಕಿಟಕಿ ಹತ್ತಿರ ಹೋದವನು ಎಲ್ಲಿಗೆ ಹೋಗುತ್ತಾನೆ? ಲೆಕ್ಕವೇ ಇಲ್ಲದ ಬುಕ್ಕಿಯ ಹತ್ತಿರ.

ಆದರೆ ನಮ್ಮಲ್ಲಿ ಸರ್ಕಾರ ಏನೂ ಕೊಟ್ಟಿಲ್ಲ ಅನ್ನುವ ಹಾಗೂ ಇಲ್ಲ. ಬೆಂಗಳೂರಿನ ರೇಸ್ ಕೋರ್ಸ್ ಇರುವುದೇ ಊರ ಮಧ್ಯದ ಅಷ್ಟು ದೊಡ್ಡ ಸರ್ಕಾರಿ ಜಾಗದಲ್ಲಿ. ಗುತ್ತಿಗೆ 2009ಕ್ಕೇ ಮುಗಿಯಿತು, ಆವತ್ತಿನಿಂದ ಕೋರ್ಟು ಕಚೇರಿ. 2024ರ ಜೂನ್‌ನಲ್ಲಿ ಸರ್ಕಾರ ರೇಸಿಗೆ ಲೈಸೆನ್ಸ್ ಕೊಡಲಿಲ್ಲ, ಅದೂ ಹೈಕೋರ್ಟಿಗೆ ಹೋಯಿತು. ಜಾಗ, ಬುಕ್ಕಿ, ತೆರಿಗೆ ಅಂತ ಪೇಪರಿನ ತುಂಬ ಬರೆದರು. ಮೂಕಪ್ರಾಣಿ ಏನಾಯಿತು ಅಂತ ಎಷ್ಟು ಜನ ಬರೆದರು? ರೇಸ್ ನಿಂತರೂ ಅದಕ್ಕೆ ದಿನಾ ಹುಲ್ಲು, ಓಟ್ಸು ಬೇಕಲ್ವಾ, ಸಾಯಿಸ್ ಮನೆಗೆ ಅಕ್ಕಿ ಬೇಕಲ್ವಾ?

ಅಂದ ಹಾಗೆ 1996ರಲ್ಲಿ ಸುಪ್ರೀಂ ಕೋರ್ಟು ರೇಸು ಜೂಜಲ್ಲ, ಕೌಶಲದ ಆಟ ಅಂದಿದೆ. ಮೂವತ್ತು ವರ್ಷ ಕೌಶಲ ತೋರಿಸಿ ನಾನು ಕಳೆದುಕೊಂಡದ್ದು ಒಂದು ಸೈಟು. ಮನೆಯಾಕೆ ಇದನ್ನು ಓದುವುದಿಲ್ಲ ಅನ್ನುವ ಧೈರ್ಯದಲ್ಲಿ ಬರೆದಿದ್ದೇನೆ.

---

ಸಾಯಿಸನ ಮಗಳು

ಮಾವ 😄 ಅಪ್ಪನೂ ಅದನ್ನೇ ಹೇಳುತ್ತಿದ್ದರು, ಕುದುರೆ ತಿಕ್ಕುವವನು ಕುದುರೆ ಮೇಲೆ ದುಡ್ಡು ಕಟ್ಟಬಾರದು ಅಂತ.

ಲೆಕ್ಕದ ಹುಡುಗ, ತುಂಬಾ ಉಪಕಾರವಾಯಿತು. ಬೆಟ್ಟಿಂಗ್ ತೆರಿಗೆಯ ವಿಷಯ ಗೊತ್ತಿರಲಿಲ್ಲ. ಆದರೆ ದುಡ್ಡು ಎಲ್ಲಿಂದ ಬಂತು ಅನ್ನುವುದಕ್ಕಿಂತ ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದೇ ನನಗೆ ಚುಚ್ಚುತ್ತಿರುವುದು. ಸರ್ಕಾರದ ದುಡ್ಡು ಕುದುರೆಯ ಜೊತೆ ಗುರಿಯ ಕಂಬದವರೆಗೆ ಓಡುತ್ತದೆ, ಅಲ್ಲಿ ನಿಂತುಬಿಡುತ್ತದೆ. ಕುದುರೆ ಇನ್ನೂ ಇಪ್ಪತ್ತು ವರ್ಷ ಬದುಕಬೇಕು.

---

ಬೇಲೂರು ಕಡೆಯವನು

ಇದೆಲ್ಲ ಯಾಕೆ? ರೇಸೇ ನಿಲ್ಲಿಸಿ ಅಂತ ಕೇಳಿ ಮೇಡಂ. ನಮ್ಮಲ್ಲಿ ಪ್ರಾಣಿಗೆ ಹಿಂಸೆ ಕೊಟ್ಟವನಿಗೆ 1960ರ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಎರಡು ಕಾಫಿ ದುಡ್ಡು. ಇಂಥ ಲೋಕದಲ್ಲಿ ಸುಧಾರಣೆ ಅನ್ನುವುದೆಲ್ಲ ಬೊಗಳೆ.

---

ದನದ ಡಾಕ್ಟರು, ಈಗ ಕುದುರೆ ಡಾಕ್ಟರು

ಹಾಸನದಲ್ಲಿ ಓದಿ, ಹತ್ತು ವರ್ಷ ಹಸು ನೋಡಿ, ಈಗ ರೇಸ್ ಕುದುರೆ ನೋಡುವವನು ನಾನು. ಬೇಲೂರಿನವರ ಸಿಟ್ಟು ಅರ್ಥವಾಗುತ್ತದೆ. ನಾಳೆಯೇ ನಿಲ್ಲಿಸಿದರೆ ಇವತ್ತು ಲಾಯದಲ್ಲಿರುವ ಕುದುರೆಗಳನ್ನು ಯಾರು ಸಾಕುತ್ತಾರೆ ಅಂತ ಮಾತ್ರ ಕೇಳಿಕೊಳ್ಳಿ. ಐರ್ಲೆಂಡ್ ಒಂದರಲ್ಲೇ ವರ್ಷಕ್ಕೆ ಒಂಬತ್ತು ಸಾವಿರದಷ್ಟು ಥರೋಬ್ರೆಡ್, ಅಂದರೆ ರೇಸ್ ತಳಿಯ, ಮರಿ ಹುಟ್ಟುತ್ತವೆ.

ಜನ ಮೊದಲು ನೋಡುವುದು ಕಾಲು ಮುರಿದದ್ದನ್ನು. ಟಿವಿಯಲ್ಲಿ ಪರದೆ ಕಟ್ಟುತ್ತಾರೆ, ಸುದ್ದಿಯಾಗುತ್ತದೆ. ಮನುಷ್ಯನಿಗೆ ಪ್ಲಾಸ್ಟರ್ ಹಾಕುತ್ತೀರಿ, ಕುದುರೆಗೆ ಯಾಕೆ ಪ್ರಾಣ ತೆಗೆಯುವ ಇಂಜೆಕ್ಷನ್ ಅಂತ ನನ್ನ ಮಗಳೂ ಕೇಳಿದ್ದಾಳೆ. ಕುದುರೆಯ ಮಂಡಿಯ ಕೆಳಗೆ ಮಾಂಸವೇ ಇಲ್ಲ. ಬರೀ ಮೂಳೆ, ಟೆಂಡನ್, ಚರ್ಮ. ರಕ್ತ ಓಡಾಟ ಕಮ್ಮಿ, ಗಾಯ ಕೂಡುವುದು ಕಷ್ಟ. ಮೈಭಾರ 450–500 ಕಿಲೋ. ಒಂದು ಕಾಲಿನ ಭಾರ ಎದುರಿನ ಕಾಲಿಗೆ ಬಿದ್ದರೆ ಆ ಕಾಲಿನ ಗೊರಸಿನ ಒಳಪದರ ಬಿಟ್ಟುಕೊಳ್ಳುತ್ತದೆ. ಮುರಿದ ಕಾಲು ಕೂಡುವ ಹೊತ್ತಿಗೆ ಸರಿಯಿದ್ದ ಕಾಲು ಹೋಗಿರುತ್ತದೆ. ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಮಲಗಿಸುವುದಕ್ಕೂ ಆಗುವುದಿಲ್ಲ. ಎಲ್ಲ ಮುರಿತವೂ ಹೀಗಲ್ಲ, ಸಣ್ಣ ಬಿರುಕಿಗೆ ಸ್ಕ್ರೂ ಹಾಕಿ ಮತ್ತೆ ಓಡಿದ ಕುದುರೆಗಳೂ ಇವೆ.

ಎರಡು ವರ್ಷದ ಮರಿಗಳನ್ನು ಓಡಿಸುವುದೇ ತಪ್ಪು ಅನ್ನುವ ಮಾತು ಜಾಸ್ತಿ ಕೇಳುತ್ತೇವೆ. ಅದು ಅಷ್ಟು ಸುಲಭದ ಲೆಕ್ಕ ಅಲ್ಲ. ಬೆಳೆಯುವ ವಯಸ್ಸಲ್ಲಿ ಹದವಾಗಿ ಓಡಿದರೆ ಮೂಳೆ ಗಟ್ಟಿಯಾಗುತ್ತದೆ. ಹದ ತಪ್ಪಿಸುವುದು ಕ್ಯಾಲೆಂಡರು. ಐರ್ಲೆಂಡ್, ಬ್ರಿಟನ್‌ಗಳಲ್ಲಿ ಎಲ್ಲ ಥರೋಬ್ರೆಡ್‌ಗೂ ಜನವರಿ 1 ಹುಟ್ಟುಹಬ್ಬ. ಫೆಬ್ರವರಿಯಲ್ಲಿ ಹುಟ್ಟಿದ್ದೂ ಮೇ ತಿಂಗಳಲ್ಲಿ ಹುಟ್ಟಿದ್ದೂ ಒಂದೇ ವಯಸ್ಸು ಅಂತ ಲೆಕ್ಕ. ಮೇ ತಿಂಗಳ ಮರಿಗೆ ಇನ್ನೂ ಎಲುಬು ಬಲಿತಿರುವುದಿಲ್ಲ, ಮಾಲೀಕನಿಗೆ ಅವಸರ.

ತಂಗಿ, ನಿಮ್ಮ ಪ್ರಶ್ನೆ ಇರುವುದು ಲಾರಿಯಲ್ಲಿ. ಅಲ್ಲಿಗೇ ಹೋಗಿ. 2024ರ ಜೂನ್‌ನಲ್ಲಿ ಆರ್‌ಟಿಇ ವಾಹಿನಿ ನಿಮ್ಮ ಕಿಲ್ಡೇರ್‌ನ ಒಂದು ಕಸಾಯಿಖಾನೆಯ ಪಕ್ಕದ ಶೆಡ್ಡಿನಲ್ಲಿ ಗುಟ್ಟಾಗಿ ಕ್ಯಾಮೆರಾ ಇಟ್ಟು ತೋರಿಸಿತಲ್ಲ. ಕುದುರೆಗಳಿಗೆ ಪೈಪಿನಲ್ಲಿ ಬಾರಿಸುವುದು, ಕುತ್ತಿಗೆಗೆ ಹೊಸ ಗುರುತಿನ ಚಿಪ್ ಚುಚ್ಚುವುದು. ಚಿಪ್ ಯಾಕೆ? ರೇಸ್ ಕುದುರೆಗೆ ನೋವಿಗೆ ಬ್ಯೂಟ್ ಅನ್ನುವ ಔಷಧಿ ಕೊಡುತ್ತಾರೆ. ಅದು ಮನುಷ್ಯನ ಹೊಟ್ಟೆಗೆ ಹೋದರೆ ರಕ್ತ ಮಾಡುವ ಮಜ್ಜೆಗೇ ಪೆಟ್ಟು ಕೊಡಬಹುದು. ಅದಕ್ಕೇ ಒಮ್ಮೆ ಬ್ಯೂಟ್ ಕೊಟ್ಟ ಕುದುರೆಯ ಪಾಸ್‌ಪೋರ್ಟ್‌ನಲ್ಲಿ, ಅಂದರೆ ಅದರ ಗುರುತಿನ ಪುಸ್ತಕದಲ್ಲಿ, ಇದರ ಮಾಂಸ ತಿನ್ನುವ ಹಾಗಿಲ್ಲ ಅಂತ ಬರೆಯಬೇಕು. ಆಮೇಲೆ ಅದನ್ನು ಅಳಿಸುವ ಹಾಗಿಲ್ಲ. ಚಿಪ್ ಬದಲಾದರೆ ಕುದುರೆ ಬದಲಾಯಿತು. ಕಾಗದದ ಪ್ರಕಾರ ಅದು ಬ್ಯೂಟ್ ನೋಡಿಯೇ ಇಲ್ಲ, ಮಾಂಸ ಯುರೋಪಿನ ತಟ್ಟೆಗೆ ಹೋಗುತ್ತದೆ.

ಕುದುರೆ ಹುಟ್ಟಿದಾಗ ಇರುವಷ್ಟು ಕಾಗದಪತ್ರ ನನ್ನ ಮದುವೆಗೂ ಇರಲಿಲ್ಲ. ತಂದೆ, ತಾಯಿ, ಡಿಎನ್ಎ, ಚಿಪ್. ಓಡುವಷ್ಟು ದಿನ ಎಲ್ಲ ಸರಿ. ಮಾಲೀಕ ಮಾರಿದ, ಅವನು ಇನ್ನೊಬ್ಬನಿಗೆ ಕೊಟ್ಟ, ಅಲ್ಲಿಂದ ದಾಖಲೆ ಸವೆಯುತ್ತದೆ. ನಿವೃತ್ತ ರೇಸ್ ಕುದುರೆಗೆ ಹೊಸ ಕೆಲಸ ಕಲಿಸಿ ಮನೆ ಹುಡುಕಿಕೊಡುವ ಟ್ರೋ ಎಲ ಅನ್ನುವ ಸಂಸ್ಥೆ ನಿಮ್ಮಲ್ಲೇ ಇದೆ. ಹೆಸರಿಗೆ ಐರಿಶ್‌ನಲ್ಲಿ ಬೇರೆ ದಾರಿ ಅಂತ ಅರ್ಥ. ರೇಸಿಂಗ್ ಸಂಸ್ಥೆ ಅದಕ್ಕೆ ದುಡ್ಡು ಕೊಡುತ್ತದೆ. ಬಹುಮಾನದ ಒಂದೊಂದು ಯೂರೋಗೆ ಎಷ್ಟು ಪೈಸೆ ಆ ಕಡೆ ಹೋಗುತ್ತಿದೆ ಅಂತ ಕೇಳಿ. ಕೊನೆಯ ಸಲ ಓಡಿದ ಕುದುರೆ ಮುಂದಿನ ಐದು ವರ್ಷ ಎಲ್ಲಿತ್ತು ಅಂತ ತೋರಿಸದ ಮಾಲೀಕನಿಗೆ ಮುಂದಿನ ಬಹುಮಾನ ಯಾಕೆ ಕೊಡಬೇಕು ಅಂತಲೂ ಕೇಳಿ. ದುಡ್ಡು ಸರ್ಕಾರದ್ದು, ಷರತ್ತು ಹಾಕುವ ಹಕ್ಕೂ ಸರ್ಕಾರದ್ದೇ.

---

ಲೆಕ್ಕದ ಹುಡುಗ, ಡಬ್ಲಿನ್

ಡಾಕ್ಟ್ರೇ, ಆ ಕೊನೆಯ ಷರತ್ತು ಚೆನ್ನಾಗಿದೆ. ಹೊಸ ಖರ್ಚಿಲ್ಲ, ಇರುವ ದುಡ್ಡಿಗೇ ಗಂಟು. ಟಿಡಿಗೆ ಇಲ್ಲ ಅನ್ನುವುದು ಕಷ್ಟ.

---

ಸಾಯಿಸನ ಮಗಳು

ಹೋಗಿ ಬಂದೆ.

ಗ್ರಂಥಾಲಯದ ಒಂದು ಕೋಣೆ. ನನ್ನ ಮುಂದೆ ನಾಲ್ಕು ಜನ, ಇಬ್ಬರು ಬಾಡಿಗೆ ಮನೆ ವಿಷಯಕ್ಕೆ, ಒಬ್ಬರು ಚರಂಡಿಗೆ, ಇನ್ನೊಬ್ಬರು ಸುಮ್ನೆ ಟೀಗೆ ಬಂದ ಹಾಗಿತ್ತು. ಟಿಡಿ ಮೊದಲು ಬೆಟ್ಟಿಂಗ್ ತೆರಿಗೆಯ ಮಾತೇ ತೆಗೆದರು. ಹುಡುಗ ಹೇಳಿಕೊಟ್ಟ ಫುಟ್‌ಬಾಲ್ ಮಾತು ಹೇಳಿದೆ. ನಕ್ಕರು. 30 ಸಾವಿರ ಉದ್ಯೋಗ ಅಂದರು. 30,350 ಅಂತ ತಿದ್ದಿದೆ. ಆಮೇಲೆ ಪೆನ್ನು ತೆಗೆದರು.

ಪ್ರಶ್ನೆಯನ್ನು ಎರಡೇ ಸಾಲು ಮಾಡಿಕೊಂಡು ಹೋಗಿದ್ದೆ. ಓಡುವುದು ನಿಲ್ಲಿಸಿದ ಕುದುರೆಗಳಲ್ಲಿ ಎಷ್ಟು ಇವತ್ತು ಎಲ್ಲಿವೆ ಅಂತ ಸರ್ಕಾರಕ್ಕೆ ಗೊತ್ತಿದೆಯಾ? ಗೊತ್ತಿಲ್ಲದಿದ್ದರೆ, ಗೊತ್ತಾಗುವವರೆಗೆ ಬಹುಮಾನದ ಹಣದಲ್ಲಿ ಒಂದು ಪಾಲನ್ನು ತಡೆದಿಡಬಹುದಾ? ಕೃಷಿ ಸಚಿವರಿಗೆ ಸಂಸತ್ತಿನಲ್ಲಿ ಲಿಖಿತ ಪ್ರಶ್ನೆ ಹಾಕುತ್ತೇನೆ, ಮೊದಲ ಸಾಲು ಖಂಡಿತ, ಎರಡನೆಯದು ನೋಡೋಣ ಅಂದರು. ಹೊರಡುವಾಗ ನಿಮ್ಮ ದೇಶದಲ್ಲಿ ರೇಸ್ ಇದೆಯಾ ಅಂತ ಕೇಳಿದರು. ನಿಮ್ಮ ಸರ್ಕಾರಿ ಸ್ಟಡ್ ನಿಮ್ಮ ಕೈಗೆ ಬಂದದ್ದು 1943ರಲ್ಲಿ, ನಮ್ಮೂರಿನದು ಟಿಪ್ಪು ಸುಲ್ತಾನನ ಕಾಲದ್ದು ಅಂದೆ. ಅದನ್ನೂ ಬರೆದುಕೊಂಡರು, ಯಾಕೋ ಗೊತ್ತಿಲ್ಲ.

ಮನೆಗೆ ಬಂದು ಅಜ್ಜನಿಗೆ ಎಲ್ಲ ಹೇಳಿದೆ. ಡಾಕ್ಟ್ರು ಹೇಳಿದ ಪಾಸ್‌ಪೋರ್ಟ್ ವಿಷಯ ತೆಗೆದು, ನಿಮ್ಮ ಕುದುರೆಯದನ್ನು ತೋರಿಸಿ ಅಂದೆ. ಬಿಸ್ಕತ್ ಡಬ್ಬದ ತಳದಿಂದ ತೆಗೆದರು. ಒಳಗೆ ಹಣೆಯ ಬಿಳಿ ಸುಳಿ, ಹಿಂಗಾಲಿನ ಬಿಳಿ ಪಟ್ಟಿ ಎಲ್ಲವನ್ನೂ ಗೆರೆ ಎಳೆದು ಗುರುತು ಮಾಡಿದ್ದಾರೆ. ನನ್ನ ಪಾಸ್‌ಪೋರ್ಟ್ ಫೋಟೋಗಿಂತ ಎಷ್ಟೋ ವಾಸಿ. ಮಾಂಸಕ್ಕಲ್ಲ ಅನ್ನುವ ಪುಟಕ್ಕೆ ಸಹಿ, ಸೀಲು ಸರಿಯಾಗಿತ್ತು. ಮಾಲೀಕರ ಪುಟ ತಿರುಗಿಸಿದೆ. ಹದಿಮೂರು ವರ್ಷದ ಹಿಂದೆ ಇವಳನ್ನು ಲಾರಿಗೆ ಹತ್ತಿಸಲು ಹೊರಟಿದ್ದವರ ಹೆಸರೇ ಇನ್ನೂ ಇದೆ. ಅಜ್ಜನ ಹೆಸರು ಎಲ್ಲೂ ಇಲ್ಲ.

"ಯಾರೂ ಕೇಳಲಿಲ್ಲ" ಅಂದರು.

ಸೋಮವಾರ ನನಗೆ ರಜೆ. ಇಬ್ಬರೂ ಕೂತು ಫಾರಂ ತುಂಬಿ ಕಳಿಸುತ್ತೇವೆ. ಸಂಜೆ ಎಡಗಾಲು ಸವರಿ ನೋಡಿದೆ, ಎರಡೂ ಕಾಲು ತಣ್ಣಗಿದ್ದವು.